ಚೌತಿಯ ಸುದ್ದಿ, ಮಾರ್ಫತ್ 56 ಎಪಿಒ

ಭಾದ್ರಪದದ ಚೌತಿ. ಹಳಿಯಾಳದ ಕಡೆಯ ಹಳ್ಳಿಮನೆಗಳಲ್ಲಿ ಬೆಳಗಿನಿಂದಲೇ ಬಾಣಲೆ ಒಲೆಯ ಮೇಲಿದೆ. ಹೊರಗೆ ಮಳೆ ಬಿಟ್ಟೂ ಬಿಡದೆ ಹನಿಯುತ್ತಿದೆ. ಗಣಪತಿ ಪೀಠವೇರಿಯಾಗಿದೆ, ಅವನ ತಲೆಯ ಮೇಲೆ ಕಟ್ಟಿದ ಕಟ್ಟಿಗೆಯ ಚೌಕಟ್ಟಿನಿಂದ ತೆಂಗಿನಕಾಯಿ, ಸೌತೆ, ಹಾಗಲ, ಕಾಡಿನಿಂದ ಕಿತ್ತು ತಂದ ಕಾಯಿಗೊಂಚಲು ಇಳಿಬಿದ್ದಿವೆ. ಆರತಿಯ ತಟ್ಟೆ ಹಿಡಿದು ಎಲ್ಲರೂ ನಿಂತ ಮೇಲೂ ಯಾರೋ ಒಬ್ಬರು, ‘ತಡೀರಿ, ಫೋನ್ ಇನ್ನೂ ಹತ್ತವಲ್ದು’ ಎನ್ನುತ್ತಾರೆ. ಆರತಿ ನಿಲ್ಲುತ್ತದೆ. ಕೊನೆಗೊಮ್ಮೆ ಪರದೆಯ ಮೇಲೆ ಕಬ್ಬಿಣದ ಮಂಚ, ಹಸಿರು ಟ್ರಂಕು, ಉಣ್ಣೆಯ ಟೋಪಿ ಹಾಕಿದ ಮುಖ ಕಾಣುತ್ತದೆ. ‘ಕಾಣಸ್ತೈತೇನೋ ಗಣಪ್ಪಾ?’ ಎಂದು ಅಜ್ಜಿ ಕೂಗುತ್ತಾಳೆ. ಮೊಮ್ಮಗ ಗಡಿಯಲ್ಲಿರುವುದರಿಂದ ಕೂಗಿಯೇ ಹೇಳಬೇಕೆಂಬುದು ಅವಳ ನಂಬಿಕೆ.

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಉತ್ತರ ಕನ್ನಡ ಜಿಲ್ಲೆಯ ತಾಲ್ಲೂಕುಗಳು. ಮನೆಮಾತು ಮಾತ್ರ ಕೂಗಳತೆಗೆ ಬದಲಾಗುತ್ತದೆ: ಕನ್ನಡ, ಮರಾಠಿ, ಕೊಂಕಣಿ, ಉರ್ದು, ಟಿಬೆಟನ್. ಹಬ್ಬಗಳೂ ಅಷ್ಟೇ ಬಗೆ. ಚೌತಿ, ದಸರೆ, ದೀಪಾವಳಿ, ಈದ್, ಕ್ರಿಸ್‌ಮಸ್, ಮಾಘದಲ್ಲಿ ಉಳವಿಯ ಚನ್ನಬಸವೇಶ್ವರನ ಜಾತ್ರೆ, ಅದರ ಹಿಂದೆಯೇ ಟಿಬೆಟನ್ನರ ಹೊಸವರ್ಷ ಲೋಸರ್. ಯಾವ ಹಬ್ಬವೇ ಇರಲಿ, ಸೇನೆಗೆ ಮಗನನ್ನೋ ಮಗಳನ್ನೋ ಕಳಿಸಿದ ಮನೆಗೆ ಆ ದಿನ ಇನ್ನೊಂದು ಕೆಲಸ ಹೆಚ್ಚು. ಹಬ್ಬ ಮಾಡಿದರೆ ಸಾಲದು, ಮಾಡಿದ್ದನ್ನು ಹೇಳಿ ಕಳಿಸಬೇಕು.

ಈಗ ಹೇಳುವುದು ಫೋನಿನಲ್ಲಿ. ಆದರೆ ಒಂದು ಪೀಳಿಗೆಯ ಹಿಂದಿನವರೆಗೂ ಈ ಸುದ್ದಿ ಹೋಗುತ್ತಿದ್ದ ದಾರಿ ಬೇರೆ, ಆ ದಾರಿ ಇಂದಿಗೂ ಮುಚ್ಚಿಲ್ಲ. ‘56 ಎಪಿಒ’ ಎಂಬ ವಿಳಾಸವನ್ನು ಕಾಣದವರು ಕಡಿಮೆ. ಅದು ಎಲ್ಲಿದೆ ಎಂದು ಕೇಳಿದರೆ ಕೆಲವರು ಕಾಶ್ಮೀರ ಎನ್ನುತ್ತಾರೆ, ಕೆಲವರು ದಿಲ್ಲಿ ಎನ್ನುತ್ತಾರೆ.

ಊರಿಲ್ಲದ ವಿಳಾಸ

ನಿಜವೆಂದರೆ ಅದು ಊರೇ ಅಲ್ಲ. ಎಪಿಒ ಎಂದರೆ ಆರ್ಮಿ ಪೋಸ್ಟ್ ಆಫೀಸ್. 56 ಮತ್ತು 99 ಎಂಬೆರಡು ಸಂಖ್ಯೆಗಳು ಟಪಾಲನ್ನು ವಿಂಗಡಿಸುವ ಎರಡು ಕೇಂದ್ರಗಳ ಗುರುತು. 56 ಎಂದು ಬರೆದದ್ದು ದಿಲ್ಲಿಯ ಕೇಂದ್ರಕ್ಕೆ, 99 ಎಂದು ಬರೆದದ್ದು ಕೋಲ್ಕತ್ತಾದ ಕೇಂದ್ರಕ್ಕೆ ಹೋಗುತ್ತದೆ. ಸೈನಿಕ ಸಿಕ್ಕಿಂನಲ್ಲಿದ್ದಾನೋ ಸಿಯಾಚಿನ್‌ನಲ್ಲಿದ್ದಾನೋ ಲಕೋಟೆಯ ಮೇಲೆ ಬರೆಯುವಂತಿಲ್ಲ. ಅವನ ನಂಬರು, ಹುದ್ದೆ, ಹೆಸರು, ತುಕಡಿ, ಕೆಳಗೆ ಮಾರ್ಫತ್ 56 ಅಥವಾ 99 ಎಪಿಒ. ಅಷ್ಟೇ.

ಹಳಿಯಾಳದ ಪೆಟ್ಟಿಗೆಗೆ ಬಿದ್ದ ಪತ್ರ ಹುಬ್ಬಳ್ಳಿಗೆ ಹೋಗಿ, ಅಲ್ಲಿನ ರೈಲ್ವೆ ಮೇಲ್ ಸರ್ವಿಸ್‌ನಲ್ಲಿ ಉಳಿದ ಪತ್ರಗಳ ಜೊತೆಗೇ ವಿಂಗಡಣೆಯಾಗುತ್ತದೆ. ಅಲ್ಲಿಯವರೆಗೆ ಅದೂ ಸಾಮಾನ್ಯ ಟಪಾಲೇ. ದಿಲ್ಲಿಯ ಸೇನಾ ಕೇಂದ್ರ ಮುಟ್ಟಿದ ಮೇಲೆ ಅದರ ಜಾತಕ ಬದಲಾಗುತ್ತದೆ. ಯಾವ ತುಕಡಿ ಈಗ ಎಲ್ಲಿದೆ ಎಂಬ ಪಟ್ಟಿ ಇರುವುದು ಅಲ್ಲಿ. ಅದರ ಪ್ರಕಾರ ಪತ್ರ ಆ ಸೀಮೆಯ ಫೀಲ್ಡ್ ಪೋಸ್ಟ್ ಆಫೀಸಿಗೆ ಸಾಗಿ, ಅಲ್ಲಿಂದ ಲಾರಿಯಲ್ಲೋ ಹೆಲಿಕಾಪ್ಟರಿನಲ್ಲೋ ರೇಷನ್ನಿನ ಜೊತೆ ಮೇಲಕ್ಕೆ ಹೋಗುತ್ತದೆ. ತುಕಡಿ ರಾತ್ರೋರಾತ್ರಿ ರಾಜಸ್ಥಾನದಿಂದ ಕಾಶ್ಮೀರಕ್ಕೆ ಎದ್ದುಹೋದರೂ ತಾಯಿ ವಿಳಾಸ ತಿದ್ದಬೇಕಿಲ್ಲ. ಪಟ್ಟಿ ತಿದ್ದಿದರೆ ಸಾಕು. ಶತ್ರುವಿಗೆ ಮಗನಿರುವ ಜಾಗ ತಿಳಿಯಬಾರದೆಂದು ಮಾಡಿದ ಏರ್ಪಾಡಿದು. ತಾಯಿಗೂ ತಿಳಿಯುವುದಿಲ್ಲ.

ಸೇನೆಯ ಈ ಅಂಚೆ ಸ್ವತಂತ್ರ ದಳವಾದದ್ದು 1972ರ ಮಾರ್ಚ್ 1ರಂದು. ಅದೇ ವರ್ಷ ಆಗಸ್ಟ್ 15ರಂದು ದೇಶಕ್ಕೆ ಪಿನ್‌ಕೋಡ್ ಬಂತು. ನಮ್ಮ ಕಡೆಯ ಪಿನ್‌ಗಳೆಲ್ಲ 581ರಿಂದ ಸುರುವಾದರೆ ಸೇನೆಯವು ಸುರುವಾಗುವುದು 9ರಿಂದ. ಉಳಿದ ಎಂಟು ಅಂಕೆಗಳು ದೇಶದ ಒಂದೊಂದು ಭಾಗಕ್ಕೆ ಹಂಚಿಹೋಗಿವೆ, 9ಕ್ಕೆ ಮಾತ್ರ ನೆಲವಿಲ್ಲ. ಈ ದಳದ ಸಿಬ್ಬಂದಿಯಲ್ಲಿ ಬಹುಪಾಲು ಜನ ಅಂಚೆ ಇಲಾಖೆಯಿಂದಲೇ ನಿಯೋಜನೆಯ ಮೇಲೆ ಹೋದವರು. ನಿನ್ನೆಯವರೆಗೆ ಯಾವುದೋ ತಾಲ್ಲೂಕು ಕಚೇರಿಯ ಕೌಂಟರಿನಲ್ಲಿ ಕೂತಿದ್ದವರು ಇಂದು ಸಮವಸ್ತ್ರ ತೊಟ್ಟು ಹಿಮದಲ್ಲಿ ಟಪಾಲು ಚೀಲ ಬಿಚ್ಚುತ್ತಿರಬಹುದು. ನೌಕಾಪಡೆಗೆ ಸೇರಿದವರ ದಾರಿ ಇನ್ನೊಂದು: ಹಡಗಿನ ಹೆಸರು ಬರೆದು, ಮುಂಬಯಿಯಂಥ ಬಂದರಿನ ಫ್ಲೀಟ್ ಮೇಲ್ ಆಫೀಸಿಗೆ ಹಾಕಿದರಾಯಿತು. ಹಡಗು ಎಲ್ಲಿದೆಯೋ ಅವರೇ ಹುಡುಕಿಕೊಳ್ಳುತ್ತಾರೆ.

ವಿಳಾಸದ ಮಾತು ಬಂದಾಗ ಜೋಯಿಡಾದ ಕಥೆಯನ್ನು ಬಿಟ್ಟು ಮುಂದೆ ಹೋಗಲಾಗದು. ಕಾಳಿ ನದಿಗೆ 1980ರ ದಶಕದಲ್ಲಿ ಅಣೆಕಟ್ಟು ಎದ್ದು ಹಳೆಯ ಸೂಪಾ ಪಟ್ಟಣ ಹಿನ್ನೀರಿನಲ್ಲಿ ಮುಳುಗಿತು. ತಾಲ್ಲೂಕಿನ ಕಚೇರಿಗಳು ಜೋಯಿಡಾಕ್ಕೆ ಬಂದವು; ನೆಲ ಕಳಕೊಂಡ ಅನೇಕ ಕುಟುಂಬಗಳು ರಾಮನಗರದಲ್ಲಿ ಹೊಸ ಬದುಕು ಕಟ್ಟಿಕೊಂಡವು. ಆ ವರ್ಷಗಳಲ್ಲಿ ದಂಡಿನಲ್ಲಿದ್ದ ಸೂಪಾದ ಹುಡುಗನ ವಿಳಾಸ ಅದೇ ಉಳಿದು, ಅವನ ಮನೆಯ ವಿಳಾಸ ನೀರಿನಡಿ ಸೇರಿತು. ರಜೆಗೆ ಯಾವ ಊರಿಗೆ ಬರಬೇಕೆಂಬುದನ್ನೂ ಮನೆಯವರು ಕಾಗದದಲ್ಲೇ ತಿಳಿಸಬೇಕಾದ ಕಾಲವದು.

ಲಕೋಟೆಯೊಳಗಿನ ಬಂಗಾರ

ಹಬ್ಬದ ಸುದ್ದಿ ಹೊತ್ತ ಕಾಗದಗಳಲ್ಲಿ ಹೆಚ್ಚಿನವು ನೀಲಿ ಬಣ್ಣದ ಇನ್‌ಲ್ಯಾಂಡ್ ಲೆಟರುಗಳು. ಮೂರು ಮಡಿಕೆ, ಅಂಚಿಗೆ ಅಂಟು. ಅಗ್ಗ, ಹಗುರ. ಜಾಗ ಸಾಲದೆ ಅಂಚಿನಲ್ಲಿ ಅಡ್ಡಡ್ಡ ಬರೆದು, ಅಂಟು ಹಚ್ಚುವ ಪಟ್ಟಿಯನ್ನೂ ಬಿಡದೆ ತುಂಬಿಸುವುದು ಎಲ್ಲ ಮನೆಗಳ ಅಭ್ಯಾಸ. ಇಂದಿಗೂ ಅದರ ಬೆಲೆ ಎರಡೂವರೆ ರೂಪಾಯಿ. ಆದರೆ ಅದರ ಮೇಲೊಂದು ಎಚ್ಚರಿಕೆ ಅಚ್ಚಾಗಿರುತ್ತದೆ: ಒಳಗೆ ಏನನ್ನೂ ಇಡಕೂಡದು.

ನಮ್ಮ ಹಬ್ಬಗಳಿಗೂ ಈ ನಿಯಮಕ್ಕೂ ಹೊಂದಿಕೆಯಾಗುವುದು ಕಷ್ಟ. ದಸರೆಯ ದಿನ ಬನ್ನಿ ಕೊಟ್ಟು ‘ಬಂಗಾರದಂಗ ಇರೋಣ’ ಎನ್ನುವುದು ಈ ಸೀಮೆಯ ರೂಢಿ. ಕೈಗೆ ಕೈ ತಾಗಿಸಿ ಕೊಡಬೇಕಾದ ಎಲೆ ಅದು. ಸಂಕ್ರಾಂತಿಯ ಕುಸುರೆಳ್ಳೂ ಹಾಗೆಯೇ. ಹೀಗಾಗಿ ಆ ಎರಡು ಹಬ್ಬಕ್ಕೆ ಮಾತ್ರ ನೀಲಿ ಕಾಗದ ಬಿಟ್ಟು ಐದು ರೂಪಾಯಿಯ ಲಕೋಟೆ ಕೊಳ್ಳುವವರಿದ್ದಾರೆ. ಬನ್ನಿಯ ನಾಲ್ಕೆಲೆ ಮುಟ್ಟುವ ಹೊತ್ತಿಗೆ ಒಣಗಿ ಹೋದರೂ ಅದಕ್ಕೆ ಬೆಲೆ ಇಳಿಯುವುದಿಲ್ಲ. ಬ್ಯಾರಕ್ಕಿನಲ್ಲಿ ಪಂಜಾಬಿನ ಜೊತೆಗಾರನಿಗೆ ಇದೇನೆಂದು ವಿವರಿಸುವ ಕೆಲಸ ಬೇರೆ.

ತಿಂಡಿಯ ಪಾರ್ಸೆಲ್ ದೊಡ್ಡ ವಿದ್ಯೆ. ಚಕ್ಕುಲಿ ಹಿಮಾಲಯದವರೆಗೆ ಇಡಿಯಾಗಿ ಹೋಗುವುದಿಲ್ಲ, ಹಿಟ್ಟಾಗಿ ಹೋಗುತ್ತದೆ. ಕರ್ಜಿಕಾಯಿಯ ಕೊಬ್ಬರಿ ಹಸಿಯಿದ್ದರೆ ಕೆಡುತ್ತದೆ. ಗಟ್ಟಿಮುಟ್ಟು ಎಂದರೆ ಬೆಲ್ಲದ ಪಾಕದ ಉಂಡಿ, ಶೇಂಗಾ ಚಟ್ನಿಪುಡಿ, ಅವಲಕ್ಕಿ. ಬಟ್ಟೆಯಲ್ಲಿ ಹೊಲಿದು, ಅರಗು ಹಚ್ಚಿ, ಶಾಯಿಯಲ್ಲಿ ವಿಳಾಸ ಬರೆದು ಕಳಿಸುತ್ತಿದ್ದ ಆ ಗಂಟುಗಳ ಜಾಗಕ್ಕೆ ಈಗ ಅಂಚೆ ಕಚೇರಿಯದೇ ರಟ್ಟಿನ ಡಬ್ಬಿ ಬಂದಿದೆ. ಒಂದು ಮಾತು ನೆನಪಿಟ್ಟುಕೊಂಡರೆ ಒಳ್ಳೆಯದು: ಖಾಸಗಿ ಕೊರಿಯರ್‌ಗಳಿಗೆ ಎಪಿಒ ವಿಳಾಸ ಮುಟ್ಟುವ ದಾರಿಯಿಲ್ಲ. ಅಲ್ಲಿಗೆ ಹೋಗಬೇಕಾದದ್ದು ಸರ್ಕಾರಿ ಅಂಚೆಯ ಮೂಲಕವೇ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟಿನಲ್ಲಿ ವಿಲೀನವಾಗಿದೆ. ಕೌಂಟರಿನಲ್ಲಿ ರಿಜಿಸ್ಟರ್ ಎಂದು ಕೇಳುವ ಹಿರಿಯರಿಗೆ ಈಗ ಅದನ್ನು ತಿಳಿಸಿ ಹೇಳಬೇಕಾಗಿದೆ.

ಅವಸರಕ್ಕೆ ತಂತಿ ಇತ್ತು. ಹಬ್ಬದ ಶುಭಾಶಯಗಳಿಗೆ ತಂತಿ ಇಲಾಖೆ ಸಂಖ್ಯೆ ಕೊಟ್ಟಿತ್ತು. ದೀಪಾವಳಿಯದು 1, ಈದ್‌ನದು 2. ಅರ್ಜಿಯಲ್ಲಿ ಸಂಖ್ಯೆ ಬರೆದರೆ ಸಾಕು, ಆ ತುದಿಯಲ್ಲಿ ಪೂರ್ತಿ ವಾಕ್ಯವಾಗಿ ಬಿಚ್ಚಿಕೊಳ್ಳುತ್ತಿತ್ತು. ಅಗ್ಗವೇನೋ ಹೌದು. ಆದರೆ ಹಳ್ಳಿಯಲ್ಲಿ ತಂತಿ ಎಂದರೆ ಸಾವಿನ ಸುದ್ದಿ ಎಂದೇ ಲೆಕ್ಕ. ದೀಪಾವಳಿಯ ಶುಭಾಶಯವನ್ನು ಓದಿ ಹೇಳುವಷ್ಟರಲ್ಲಿ ಮನೆಯವರ ಅರ್ಧ ಜೀವ ಹೋಗಿರುತ್ತಿತ್ತು. ಅತ್ತ ಬ್ಯಾರಕ್ಕಿನಲ್ಲೂ ತಂತಿಯ ಕೀರ್ತಿ ಅಷ್ಟಕ್ಕಷ್ಟೇ. ‘ತಾಯಿಗೆ ಸೀರಿಯಸ್, ಕೂಡಲೇ ಹೊರಡು’ ಎಂಬ ತಂತಿ ನಿಜವೋ, ಹಬ್ಬಕ್ಕೆ ರಜೆ ಕೊಡಿಸಲು ಮನೆಯವರು ಹೂಡಿದ ಆಟವೋ ಎಂದು ಅಧಿಕಾರಿಗಳು ಅನುಮಾನಿಸುತ್ತಿದ್ದರು. ಆ ಅನುಮಾನ ಪೂರ್ತಿ ಸುಳ್ಳಾಗಿಯೂ ಇರಲಿಲ್ಲ. 2013ರ ಜುಲೈಯಲ್ಲಿ ತಂತಿ ಸೇವೆಯೇ ನಿಂತಿತು.

ಮಗನ ಕಡೆಯಿಂದ ಸುದ್ದಿ ಬರಲು ಇನ್ನೊಂದು ದಾರಿ ರೇಡಿಯೊ. ವಿವಿಧ ಭಾರತಿಯ ‘ಜಯಮಾಲಾ’ದಲ್ಲಿ ಸೈನಿಕರು ಕೇಳಿದ ಸಿನಿಮಾ ಹಾಡಿಗೆ ಮೊದಲು ಅವರ ಹೆಸರುಗಳನ್ನು ಓದುತ್ತಿದ್ದರು. ಹಾಡು ಯಾವುದಾದರೇನು, ಹೆಸರು ಕಿವಿಗೆ ಬಿದ್ದರೆ ಸಾಕೆಂದು ಕಾದು ಕೂರುವವರಿದ್ದರು.

ಕ್ಷೇಮ, ಬಾಕಿ ವಿಶೇಷವೇನಿಲ್ಲ

ಕಾಗದದ ಒಳಗೆ ಏನಿರುತ್ತಿತ್ತು? ಮೊದಲ ಸಾಲು ಗೊತ್ತಿದ್ದದ್ದೇ. ಇತ್ತ ಎಲ್ಲರೂ ಕ್ಷೇಮ, ಅತ್ತ ನಿನ್ನ ಕ್ಷೇಮಕ್ಕೆ ಬರೆಯುವುದು. ಆಮೇಲೆ ಹಬ್ಬ. ಯಾರ ಮನೆಯ ಗಣಪತಿ ಎಷ್ಟು ದಿನ ಕೂತಿತು, ಯಾವ ಓಣಿಯ ಮಂಡಳಿ ಯಾವುದರ ಜೊತೆ ಜಗಳಾಡಿತು, ತಂಗಿ ಪಂಚಮಿಗೆ ಬಂದಳೋ ಇಲ್ಲವೋ, ಭತ್ತ ಹೇಗಿದೆ, ಎಮ್ಮೆ ಈಯಿತೇ, ಉಳವಿಗೆ ಈ ಸಲ ಬಂಡಿ ಕಟ್ಟಿದವರು ಯಾರು. ಕೊನೆಗೆ ‘ಬಾಕಿ ವಿಶೇಷವೇನಿಲ್ಲ.’

ಈ ಕಡೆಯ ಅನೇಕ ಮನೆಗಳಲ್ಲಿ ಹೇಳುವವರು ಒಬ್ಬರು, ಬರೆಯುವವರು ಇನ್ನೊಬ್ಬರು. ತಾಯಿಗೆ ಅಕ್ಷರ ಬರುತ್ತಿರಲಿಲ್ಲ. ಶಾಲೆಗೆ ಹೋಗುವ ಕಿರಿಯ ಮಗಳೋ ಮಾಸ್ತರರೋ ಪೋಸ್ಟ್‌ಮನ್ನನೋ ಬರೆದುಕೊಡುತ್ತಿದ್ದರು. ಮನೆಮಾತು ಮರಾಠಿ ಅಥವಾ ಕೊಂಕಣಿ, ಶಾಲೆ ಕನ್ನಡ. ಹೀಗಾಗಿ ಕನ್ನಡ ಅಕ್ಷರದಲ್ಲಿ ಬರೆದ ಮರಾಠಿ ಕಾಗದ, ನಡುವೆ ಪೂರ್ತಿ ಕನ್ನಡಕ್ಕೆ ಹೊರಳಿ ಮತ್ತೆ ಮರಾಠಿಗೆ ಮರಳುವ ಕಾಗದ ಇಲ್ಲಿ ಅಪರೂಪವಲ್ಲ. ಬರೆಯುವವರು ಪರರಾದಾಗ ಗಂಡ-ಹೆಂಡಿರ ಮಾತಿಗೆ ಕಾಗದದಲ್ಲಿ ಜಾಗವೇ ಇರುತ್ತಿರಲಿಲ್ಲ. ಸೊಸೆ ಹೇಳಬೇಕಾದದ್ದೂ ಅತ್ತೆಯ ಬಾಯಿಂದ ‘ಅವಳೂ ಆರಾಮಿದ್ದಾಳೆ’ ಎಂದಷ್ಟೇ ಹೋಗುತ್ತಿತ್ತು.

ಹೇಳದೆ ಬಿಟ್ಟದ್ದೇ ಹೆಚ್ಚು. ಅಜ್ಜ ಹಾಸಿಗೆ ಹಿಡಿದದ್ದು, ಸಾಲ, ಮುರಿದ ಸಂಬಂಧ ಇವು ಹಬ್ಬದ ಕಾಗದಕ್ಕೆ ಬರುವುದಿಲ್ಲ. ‘ಅವನಿಗ್ಯಾಕ ತಲಿಬ್ಯಾನಿ’ ಎನ್ನುವುದು ಮನೆಯ ಒಪ್ಪಂದ. ಅತ್ತಲಿನವನೂ ಅಷ್ಟೇ. ಚಳಿ ಸ್ವಲ್ಪ ಇದೆ, ಊಟ ಚೆನ್ನಾಗಿದೆ, ಹಬ್ಬದ ದಿನ ಬಡಾ ಖಾನಾ ಇತ್ತು ಎಂದು ಬರೆಯುತ್ತಾನೆ. ಅಧಿಕಾರಿಯಿಂದ ಜವಾನನವರೆಗೆ ಎಲ್ಲರೂ ಸೇರಿ ಉಣ್ಣುವ ಸೇನೆಯ ಹಬ್ಬದೂಟವದು. ಮರಾಠಾ ಪಲ್ಟನ್ನುಗಳು ಎಲ್ಲಿ ಬೀಡುಬಿಟ್ಟರೂ ಗಣಪತಿ ಕೂರಿಸುವುದುಂಟು. ಆ ರೆಜಿಮೆಂಟಿನ ಕೇಂದ್ರ 1922ರಿಂದಲೂ ಇರುವುದು ಪಕ್ಕದ ಬೆಳಗಾವಿಯಲ್ಲಿ. ಹೀಗಾಗಿ ಹಳಿಯಾಳದ ಮರಾಠ ಮನೆಗಳಿಗೆ ದಂಡು ಎಂಬುದು ದೂರದ ಮಾತಲ್ಲ. ಅಲ್ಲೂ ಆರತಿ, ಇಲ್ಲೂ ಆರತಿ. ನಾನಿಲ್ಲದೆ ಹಬ್ಬ ನಿಂತಿಲ್ಲ ಎಂದು ಮಗನಿಗೆ, ನಾವಿಲ್ಲದೆ ಅವನು ಉಪವಾಸವಿಲ್ಲ ಎಂದು ಮನೆಯವರಿಗೆ ಗೊತ್ತಾದರೆ ಕಾಗದದ ಕೆಲಸ ಮುಗಿಯಿತು. ಹಬ್ಬದ ಸುದ್ದಿಯಲ್ಲಿ ಸುದ್ದಿ ಎಂಬುದು ನೆಪ ಎಂದೇ ನನ್ನ ಎಣಿಕೆ. ಪ್ರತಿ ವರ್ಷ ಅದೇ ಗಣಪತಿ, ಅದೇ ಜಗಳ. ಹೊಸದೇನೂ ಇಲ್ಲವೆಂದು ಕೇಳುವುದಕ್ಕೇ ಅವನು ಕಾದಿರುತ್ತಾನೆ.

ಮಾತನ್ನು ಹೀಗೆ ತೂಗಿ ಬರೆಯಲು ಇನ್ನೊಂದು ಕಾರಣವೂ ಇತ್ತು, ಅದು ನೂರು ವರ್ಷಕ್ಕೂ ಹಳೆಯದು. ಮೊದಲ ಮಹಾಯುದ್ಧದಲ್ಲಿ ಭಾರತದ ಸೈನಿಕರು ಫ್ರಾನ್ಸಿಗೆ ಹೋದಾಗ ಅವರ ಪತ್ರಗಳನ್ನು ತೆರೆದು ಓದಲು ಬ್ರಿಟಿಷರು 1914ರಲ್ಲಿ ಅಲ್ಲಿ ಸೆನ್ಸಾರ್ ಕಚೇರಿ ತೆರೆದರು. ಇ.ಬಿ. ಹೋವೆಲ್ ಎಂಬ ಐಸಿಎಸ್ ಅಧಿಕಾರಿ ಅದರ ಮುಖ್ಯಸ್ಥ. ಓದಿದ ಪತ್ರಗಳ ಸಾರವನ್ನು ಅನುವಾದಿಸಿ ಇಟ್ಟಿದ್ದರಿಂದಲೇ ಅವು ಇಂದಿಗೂ ಉಳಿದಿವೆ. ಸೈನಿಕರು ಕಡಿಮೆ ಚತುರರಲ್ಲ, ಅಡುಗೆಮನೆಯ ಮಾತಿನಲ್ಲಿ ಯುದ್ಧದ ಸುದ್ದಿ ಬರೆದರು. ಕರಿಮೆಣಸು ಎಂದರೆ ಭಾರತೀಯ ಸಿಪಾಯಿ, ಕೆಂಪು ಮೆಣಸು ಎಂದರೆ ಬಿಳಿಯ ಸೈನಿಕ. ಕರಿಮೆಣಸು ಮುಗಿಯುತ್ತ ಬಂತು ಎಂದರೆ ಎಷ್ಟು ಜನ ಸತ್ತರೆಂದು ಮನೆಯವರು ಅರ್ಥ ಮಾಡಿಕೊಳ್ಳಬೇಕು. ಕಾಳುಮೆಣಸಿನ ನಾಡಾದ ಉತ್ತರ ಕನ್ನಡ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು. ಆ ಪ್ರಾಂತ್ಯದ ಮರಾಠಾ ಪಲ್ಟನ್ನುಗಳಲ್ಲಿ ಮೂರು ಮೆಸೊಪೊಟೇಮಿಯಾದ ಕುಟ್‌ನಲ್ಲಿ ಮುತ್ತಿಗೆಗೆ ಸಿಕ್ಕಿ 1916ರ ಏಪ್ರಿಲ್‌ನಲ್ಲಿ ಶರಣಾದವು. ಹಾಗೆ ಸೆರೆ ಹೋದವರ ಮನೆಗಳಲ್ಲಿ ಆ ವರ್ಷದ ಚೌತಿ ಹೇಗೆ ಕಳೆಯಿತೆಂದು ಯಾವ ಸೆನ್ಸಾರಿನ ಕಡತವೂ ಹೇಳುವುದಿಲ್ಲ.

ಮುಂಡಗೋಡದ ಮೌನ

ಹಳಿಯಾಳದ ತಾಯಿಗೆ ಮಗನಿರುವ ಜಾಗ ಗೊತ್ತಿಲ್ಲ, ಆದರೆ ಅವನ ಪಲ್ಟನ್ನಿನ ಹೆಸರು ಗೊತ್ತು. ಮುಂಡಗೋಡದ ಟಿಬೆಟನ್ ಕ್ಯಾಂಪುಗಳಲ್ಲಿ ಬಹುಕಾಲ ಅದನ್ನೂ ಹೇಳುವಂತಿರಲಿಲ್ಲ.

ಡೊಯಿಗುಲಿಂಗ್ ಎಂದು ಕರೆಯುವ ಈ ನೆಲೆ ಆರಂಭವಾದದ್ದು 1966ರಲ್ಲಿ. ಕಾಡು ಕಡಿದು ಗೋವಿನಜೋಳ ಬೆಳೆದರು. ಗಾಂದೆನ್, ಡ್ರೆಪುಂಗ್ ಮಠಗಳು ಇಲ್ಲಿ ಮತ್ತೆ ಎದ್ದವು. ಅದಕ್ಕೂ ಮೊದಲೇ, ಚೀನಾ ಯುದ್ಧದ ನಡುವೆ 1962ರ ನವೆಂಬರ್ 14ರಂದು ಭಾರತ ಸರ್ಕಾರ ಟಿಬೆಟನ್ನರದೇ ಒಂದು ಪಡೆ ಕಟ್ಟಿತ್ತು. ಅದರ ಹೆಸರು ಸ್ಪೆಷಲ್ ಫ್ರಾಂಟಿಯರ್ ಫೋರ್ಸ್. ನೆಲೆ ಇಂದಿನ ಉತ್ತರಾಖಂಡದ ಚಕ್ರಾತಾ. ಮೊದಲ ಮುಖ್ಯಸ್ಥ ಮೇಜರ್ ಜನರಲ್ ಸುಜಾನ್ ಸಿಂಗ್ ಉಬಾನ್ ಹಿಂದೆ ನಡೆಸಿದ್ದ 22ನೇ ಮೌಂಟನ್ ರೆಜಿಮೆಂಟಿನ ನೆನಪಿಗೆ ಪಡೆಯನ್ನು ‘ಎಸ್ಟಾಬ್ಲಿಷ್‌ಮೆಂಟ್ 22’ ಎಂದೂ ಕರೆದರು. ಕ್ಯಾಂಪುಗಳಲ್ಲಿ ಬರೀ ‘ಟೂಟೂ’. ದೇಶದ ಟಿಬೆಟನ್ ನೆಲೆಗಳಿಂದ, ಮುಂಡಗೋಡದಿಂದಲೂ, ತಲೆಮಾರುಗಳ ಕಾಲ ಹುಡುಗರು ಅಲ್ಲಿಗೆ ಹೋಗಿದ್ದಾರೆ.

1971ರ ಯುದ್ಧದಲ್ಲಿ ಈ ಪಡೆ ಚಿತ್ತಗಾಂಗ್ ಗುಡ್ಡಗಾಡಿನಲ್ಲಿ ಹೋರಾಡಿ 56 ಮಂದಿಯನ್ನು ಕಳಕೊಂಡಿತು. ಗುಟ್ಟಿನ ಪಡೆಯಾದ್ದರಿಂದ ಬಹಿರಂಗ ಪದಕವಿಲ್ಲ, ಪತ್ರಿಕೆಯಲ್ಲಿ ಹೆಸರಿಲ್ಲ. ಮೊದಲ ಸಲ ದೇಶ ಇವರನ್ನು ಕಣ್ಣಾರೆ ಕಂಡದ್ದು 2020ರ ಸೆಪ್ಟೆಂಬರ್‌ನಲ್ಲಿ. ಪ್ಯಾಂಗಾಂಗ್ ಸರೋವರದ ದಕ್ಷಿಣಕ್ಕೆ ನೆಲಬಾಂಬ್ ಸಿಡಿದು ತೀರಿಕೊಂಡ ನೀಮಾ ತೆನ್‌ಜಿನ್ ಅವರ ಅಂತ್ಯಕ್ರಿಯೆ ಲೇಹ್‌ನಲ್ಲಿ ನಡೆದಾಗ ಶವಪೆಟ್ಟಿಗೆಯ ಜೊತೆ ಭಾರತದ ಬಾವುಟವೂ ಇತ್ತು, ಟಿಬೆಟಿನ ಬಾವುಟವೂ ಇತ್ತು.

ಇಂಥ ಮನೆಯಿಂದ ಲೋಸರ್ ಸುದ್ದಿ ಹೋಗುವುದು. ಟಿಬೆಟನ್ ವರ್ಷದ ಕಡೆಯ ತಿಂಗಳ 29ನೇ ರಾತ್ರಿ ಗುತುಕ್ ಎಂಬ ಸಾರು ಮಾಡುತ್ತಾರೆ. ಅದರಲ್ಲಿ ಬೇಯುವ ಹಿಟ್ಟಿನ ಉಂಡೆಗಳೊಳಗೆ ಮೆಣಸಿನಕಾಯಿ, ಇದ್ದಿಲು, ಉಣ್ಣೆ, ಉಪ್ಪು ಅಡಗಿಸಿರುತ್ತಾರೆ. ಮೆಣಸಿನಕಾಯಿ ಸಿಕ್ಕವನು ವಾಚಾಳಿ, ಇದ್ದಿಲು ಸಿಕ್ಕವನು ಕರಿ ಮನಸ್ಸಿನವನು, ಉಣ್ಣೆ ಸಿಕ್ಕವನು ಮೃದು. ಯಾರಿಗೆ ಏನು ಸಿಕ್ಕಿತು, ಯಾರು ಎಷ್ಟು ನಕ್ಕರು ಎಂಬುದೇ ಆ ವರ್ಷದ ಮುಖ್ಯ ವರದಿ. ಚಳಿಗಾಲದಲ್ಲಿ ಊರೂರಿಗೆ ಸ್ವೆಟರ್ ಮಾರಲು ಹೋದವರು ಲೋಸರ್ ಹೊತ್ತಿಗೆ ಕ್ಯಾಂಪಿಗೆ ಮರಳುತ್ತಾರೆ. ಮರಳದಿರುವವರು ಪಡೆಯಲ್ಲಿರುವವರು, ಈಚೆಗೆ ವಿದೇಶ ಸೇರಿದವರು. ಕಾಪ್ಸೆ ಎಂಬ ಕರಿದ ತಿಂಡಿ ಹಳಿಯಾಳದ ಚಕ್ಕುಲಿಗಿಂತ ಗಟ್ಟಿ. ಪಾರ್ಸೆಲ್ಲಿಗೆ ಹೇಳಿ ಮಾಡಿಸಿದ್ದು.

ಮೇಲೆ 5ಜಿ, ಕೆಳಗೆ ಗುಡ್ಡ

ಸಿಗ್ನಲ್ ಬಂದು ಎಲ್ಲ ಸುಲಭವಾಯಿತೆಂದು ನಾವು ಅಂದುಕೊಂಡಿದ್ದೇವೆ. ಅರ್ಧ ನಿಜ. ಎಸ್‌ಟಿಡಿ ಬೂತಿನ ಮುಂದೆ ಸರದಿ ನಿಂತು, ಮೀಟರ್ ಓಡುವುದನ್ನು ನೋಡುತ್ತ ‘ಹಬ್ಬ ಆತು, ಎಲ್ಲಾ ಆರಾಮ’ ಎಂದಷ್ಟೇ ಹೇಳಿ ಇಡುತ್ತಿದ್ದ ಕಾಲಕ್ಕೆ ಹೋಲಿಸಿದರೆ ಇಂದಿನ ವಿಡಿಯೊ ಕರೆ ದೊಡ್ಡ ಭಾಗ್ಯ. ಆದರೆ ಈ ಭಾಗ್ಯ ಹಂಚಿಕೆಯಾದ ರೀತಿ ವಿಚಿತ್ರ. ಜಗತ್ತಿನ ಅತಿ ಎತ್ತರದ ಯುದ್ಧಭೂಮಿ ಸಿಯಾಚಿನ್‌ಗೆ 2025ರ ಜನವರಿಯಲ್ಲಿ 5ಜಿ ತಲುಪಿತು. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಒಳಗೂ ಅಂಚಿನಲ್ಲೂ ಚದುರಿರುವ ಜೋಯಿಡಾದ ಕೆಲವು ಹಳ್ಳಿಗಳಲ್ಲಿ ಒಂದು ಕರೆಗಾಗಿ ಗುಡ್ಡ ಹತ್ತಬೇಕು. ಸಿಗ್ನಲ್ ಸಿಗುವ ಬಂಡೆ, ಮರ, ತಿರುವು ಯಾವುದೆಂದು ಊರಿಗೆಲ್ಲ ಗೊತ್ತು. ಮಗನ ತುದಿಯಲ್ಲಿ ಚಿತ್ರ ಸ್ಪಷ್ಟ, ತಾಯಿಯ ತುದಿಯಲ್ಲಿ ಗರಗರ. ಗಣಪತಿಯನ್ನು ಗುಡ್ಡದ ಮೇಲೆ ಒಯ್ಯಲಾಗದ್ದರಿಂದ ಫೋಟೊ ತೆಗೆದುಕೊಂಡು ಮೇಲೆ ಹೋಗಿ ಕಳಿಸುತ್ತಾರೆ.

ಫೋನಿಗೂ ಕಟ್ಟುಪಾಡುಗಳಿವೆ. 2020ರ ಜುಲೈಯಲ್ಲಿ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಸೇರಿ 89 ಆ್ಯಪ್‌ಗಳನ್ನು ತೆಗೆದುಹಾಕುವಂತೆ ಸೇನೆ ತನ್ನವರಿಗೆ ಆದೇಶಿಸಿತು. ಕಾರಣ ಹಳೆಯದೇ, ಲಕೋಟೆಯ ಮೇಲೆ ಊರು ಬರೆಯಬಾರದೆನ್ನುವುದರ ಹಿಂದಿನ ಕಾರಣ. ಮಗ ಕಳಿಸಿದ ಫೋಟೊವನ್ನು ಹೆಮ್ಮೆಯಿಂದ ಸ್ಟೇಟಸ್ಸಿಗೆ ಹಾಕುವ ಚಿಕ್ಕಪ್ಪನಿಗೆ ಇದನ್ನು ಹೇಳುವವರು ಯಾರು? ಹಿಂದೆ ಕಾಗದವನ್ನು ಮನೆಯ ಏಳೆಂಟು ಜನ ಓದುತ್ತಿದ್ದರು. ಈಗ ಗುಡ್ಡ, ಬಂಕರು, ಹಿಂದಿನ ಫಲಕ ಎಲ್ಲವೂ ಇಡೀ ಊರಿನ ಗ್ರೂಪಿಗೆ ಹೋಗುತ್ತವೆ. ಗುಟ್ಟು ಕಾಯುವ ಕೆಲಸ ಸೆನ್ಸಾರಿನಿಂದ ಮನೆಯವರ ಹೆಗಲಿಗೆ ಬಂದಿದೆ. ಅದನ್ನು ಅವರಿಗೆ ಯಾರೂ ಕಲಿಸಿಲ್ಲ.

ಇನ್ನು ಖುದ್ದು ಬಂದು ಹಬ್ಬ ಮಾಡುವ ಮಾತು. ಕಾಯಂ ಜವಾನನಿಗೆ ವರ್ಷಕ್ಕೆ 60 ದಿನದ ವಾರ್ಷಿಕ ರಜೆ, 30 ದಿನದ ಸಾಂದರ್ಭಿಕ ರಜೆ. ಎಲ್ಲರೂ ದೀಪಾವಳಿಗೇ ಕೇಳಿದರೆ ಕಾವಲಿಗೆ ಯಾರು ನಿಲ್ಲಬೇಕು? ಸರದಿಯ ಪ್ರಕಾರ ಒಂದು ವರ್ಷ ಚೌತಿ ಸಿಕ್ಕರೆ ಮರುವರ್ಷ ಮದುವೆ ಹಂಗಾಮು. 2022ರಲ್ಲಿ ಅಗ್ನಿಪಥ ಯೋಜನೆ ಬಂದ ಮೇಲೆ ನಾಲ್ಕು ವರ್ಷಕ್ಕೆ ಸೇರುವ ಅಗ್ನಿವೀರರ ವಾರ್ಷಿಕ ರಜೆ 30 ದಿನ ಮಾತ್ರ. ಈಶಾನ್ಯದ ಮೂಲೆಯಿಂದ ಹೊರಟು ರೈಲಿನಲ್ಲಿ ಹುಬ್ಬಳ್ಳಿಗೆ, ಅಲ್ಲಿಂದ ಬಸ್ಸಿನಲ್ಲಿ ಊರಿಗೆ. ಹೋಗಿ ಬರುವುದರಲ್ಲೇ ಒಂದು ವಾರ ಕಳೆಯುತ್ತದೆ. ಇಂಥ ಮನೆಗಳಲ್ಲಿ ಹೊಸ ವರ್ಷದ ಪಂಚಾಂಗ ಬಂದ ಕೂಡಲೇ ಚರ್ಚೆ ಸುರುವಾಗುತ್ತದೆ. ಅಪ್ಪನಿಗೆ ಮಗ ಸುಗ್ಗಿಗೆ ಬರಬೇಕು, ಅವ್ವನಿಗೆ ಚೌತಿಗೆ, ಅಜ್ಜಿಗೆ ಉಳವಿಯ ತೇರಿಗೆ. ಯಾವುದು ಮಂಜೂರಾಗುತ್ತದೆಂಬುದು ಮಾತ್ರ ಅವನ ಸುಬೇದಾರರ ಕೈಯಲ್ಲಿರುವ ಸರದಿ ಪಟ್ಟಿಗೆ ಬಿಟ್ಟದ್ದು.